ಶುಗರ್ ಇರುವ ಬೆಕ್ಕು, ಸ್ಟೂಡೆಂಟ್ ಜೇಬು: ಯಾವುದಕ್ಕೆ ಖರ್ಚು, ಯಾವುದರಲ್ಲಿ ಉಳಿತಾಯ

ಬೆಕ್ಕಿಗೆ ಶುಗರ್ ಉಂಟು ಅಂತ ಡಾಕ್ಟರ್ ಹೇಳಿದ ಕೂಡಲೇ ಬಾಯಿಗೆ ಬರುವ ಮೊದಲ ಪ್ರಶ್ನೆ, ತಿಂಗಳಿಗೆ ಎಷ್ಟಾಗುತ್ತದೆ ಅಂತ. ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ನಾಲ್ಕು ಜನ ಸೇರಿ ಬಾಡಿಗೆ ಮನೆ ಹಿಡಿದವರಿಗೆ ಬೇರೆ ಏನು ತಾನೇ ಹೊಳೆಯುತ್ತದೆ? ಆದರೆ ಹಣಕ್ಕಿಂತ ಜಾಸ್ತಿ ಕಾಡುವುದು ಗಡಿಯಾರ. ದಿನಕ್ಕೆ ಎರಡು ಇಂಜೆಕ್ಷನ್, ನಡುವೆ 12 ಗಂಟೆ. ಲ್ಯಾಬ್ ಇರಲಿ, ಫೆಸ್ಟ್ ಇರಲಿ, ಸುರತ್ಕಲ್‌ನಿಂದ ಬರುವ ಬಸ್ಸು ಟ್ರಾಫಿಕ್‌ನಲ್ಲಿ ನಿಂತಿರಲಿ. ಹಾಗಾಗಿ ಇಲ್ಲಿ ಪ್ರತಿ ಆಯ್ಕೆಗೂ ಎರಡು ಬೆಲೆ ನೋಡೋಣ: ರೂಪಾಯಿ ಎಷ್ಟು, ಸಮಯ ಎಷ್ಟು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇನ್ಸುಲಿನ್ ಮತ್ತು ಶುಗರ್ ಪಟ್ಟಿ (ಮೀಟರಿಗೆ ಹಾಕುವ ಟೆಸ್ಟ್ ಸ್ಟ್ರಿಪ್), ಈ ಎರಡರಲ್ಲಿ ಕಂಜೂಸುತನ ಬೇಡ. ಬ್ರ್ಯಾಂಡೆಡ್ ಆಹಾರ, ಕ್ಲಿನಿಕ್‌ನಲ್ಲಿ ದಿನವಿಡೀ ಕೂರಿಸಿ ಮಾಡುವ ಪರೀಕ್ಷೆ, ದುಬಾರಿ ಮೀಟರ್, ಇವುಗಳಲ್ಲಿ ಧಾರಾಳವಾಗಿ ಉಳಿಸಬಹುದು. ಕಾರಣ ಮುಂದೆ ಉಂಟು. ಡೋಸ್ ಎಷ್ಟು ಅನ್ನುವುದನ್ನು ಮಾತ್ರ ನಿಮ್ಮ ಬೆಕ್ಕನ್ನು ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು.

ಮೊದಲು ಕಾಯಿಲೆ ಖಾತ್ರಿಯಾಗಲಿ

ತುಂಬಾ ನೀರು ಕುಡಿಯುವುದು, ತುಂಬಾ ಮೂತ್ರ ಮಾಡುವುದು, ಚೆನ್ನಾಗಿ ತಿಂದರೂ ಸೊರಗುವುದು. ಈ ಮೂರೂ ಸೇರಿದರೆ ಅನುಮಾನ ಪಡಬೇಕು. ಬೆಕ್ಕಿನ ಮರಳಿನ ಟ್ರೇ ಸುತ್ತ ಇರುವೆ ಸಾಲು ಕಾಣಿಸಿದರೆ ಅದೂ ಒಂದು ಸುಳಿವು. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ ನಡೆಯಲು ಶುರು ಮಾಡುತ್ತವೆ. ಶುಗರ್ ಜಾಸ್ತಿಯಾಗಿ ನರಕ್ಕೆ ಪೆಟ್ಟು ಬಿದ್ದರೆ ಹೀಗಾಗುತ್ತದೆ. ಹಿಡಿತಕ್ಕೆ ಬಂದರೆ ಎಷ್ಟೋ ಬೆಕ್ಕುಗಳಲ್ಲಿ ನಿಧಾನಕ್ಕೆ ಸರಿಹೋಗುತ್ತದೆ.

ಒಂದೇ ಒಂದು ರಕ್ತ ಪರೀಕ್ಷೆ ನೋಡಿ ಶುಗರ್ ಅಂತ ತೀರ್ಮಾನಿಸಬೇಡಿ. ಬುಟ್ಟಿಗೆ ತುರುಕಿ, ಆಟೋದಲ್ಲಿ ಕುಲುಕಾಡಿಸಿ, ನಾಯಿ ಬೊಗಳುವ ಕ್ಲಿನಿಕ್‌ಗೆ ತಂದ ಬೆಕ್ಕಿನ ಗ್ಲೂಕೋಸ್ ಬರೀ ಹೆದರಿಕೆಗೇ 300 ದಾಟಬಹುದು. ಹಾಗಾಗಿ ಫ್ರಕ್ಟೋಸಮೈನ್ ಪರೀಕ್ಷೆ ಕೇಳಿ. ಹಿಂದಿನ ಒಂದೆರಡು ವಾರಗಳ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ, ಆ ಹೊತ್ತಿನ ಹೆದರಿಕೆ ಲೆಕ್ಕಕ್ಕೆ ಬರುವುದಿಲ್ಲ. ಮೂತ್ರದಲ್ಲಿ ಗ್ಲೂಕೋಸ್ ಉಂಟಾ, ಕೀಟೋನ್ (ಮೈ ಸಕ್ಕರೆ ಬದಲು ಕೊಬ್ಬು ಸುಡುವಾಗ ಬರುವ ವಸ್ತು) ಉಂಟಾ ಅಂತಲೂ ನೋಡಿಸಿ. ತುರಿಕೆಗೋ ಅಲರ್ಜಿಗೋ ಈಚೆಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಿಸಿದ್ದರೆ ಮರೆಯದೆ ಹೇಳಿ. ಅದರಿಂದಲೇ ಶುಗರ್ ಏರಿರಬಹುದು. ಹಲ್ಲು, ಒಸಡು, ಮೂತ್ರದ ಸೋಂಕು ಕೂಡ ಆಗಲೇ ನೋಡಿಸಿಬಿಡಿ. ಹುಳುಕು ಹಲ್ಲು ಹಾಗೇ ಇದ್ದರೆ ಎಂಥ ಇನ್ಸುಲಿನ್ ಕೊಟ್ಟರೂ ಶುಗರ್ ಇಳಿಯಲು ಹಟ ಮಾಡುತ್ತದೆ.

ಯಾವ ಇನ್ಸುಲಿನ್?

ಜಾಸ್ತಿ ಯೋಚಿಸಬೇಕಾದ್ದು ಇಲ್ಲಿಯೇ. ಮಂಗಳೂರು, ಉಡುಪಿಯ ಯಾವುದೇ ಮೆಡಿಕಲ್ ಶಾಪಿನಲ್ಲಿ ಸುಲಭಕ್ಕೆ ಸಿಗುವುದು ಮನುಷ್ಯರ ಇನ್ಸುಲಿನ್. ಬೆಕ್ಕಿನ ಲೆಕ್ಕದಲ್ಲಿ ಅದರಲ್ಲಿ ಎರಡು ಜಾತಿ ಗೊತ್ತಿದ್ದರೆ ಸಾಕು.

ಒಂದು ಎನ್‌ಪಿಎಚ್. ನೋಡಲು ಹಾಲಿನಂತೆ ಮಸುಕು. 10 ಮಿಲಿಯ ಬಾಟಲಿ ಸುಮಾರು 200 ರೂಪಾಯಿ ಆಸುಪಾಸು. ಇಷ್ಟು ಅಗ್ಗಕ್ಕೆ ಬೇರೆ ಸಿಗುವುದಿಲ್ಲ. ಆದರೆ ಬೆಕ್ಕಿನ ಮೈಯಲ್ಲಿ ಇದು ಬೇಗ ಮುಗಿದುಹೋಗುತ್ತದೆ. ಬೆಳಿಗ್ಗೆ 7ಕ್ಕೆ ಕೊಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಶುಗರನ್ನು ಜೋರಾಗಿ ಕೆಳಗೆ ತಳ್ಳಿ, ಸಂಜೆಗೆ ಮುಂಚೆಯೇ ಕೈಬಿಡುತ್ತದೆ. ಕೆಳಗೆ ಬೀಳುವ ಆ ಹೊತ್ತಿಗೆ ನೀವು ಕ್ಲಾಸಲ್ಲಿ ಇರುತ್ತೀರಿ. ಮನೆಯಲ್ಲಿ ನೋಡುವವರು ಯಾರೂ ಇಲ್ಲ.

ಇನ್ನೊಂದು ಗ್ಲಾರ್ಜಿನ್. ನೀರಿನಂತೆ ತಿಳಿ. ಲ್ಯಾಂಟಸ್, ಬಸಾಲಾಗ್, ಗ್ಲಾರಿಟಸ್ ಹೆಸರಿನಲ್ಲಿ ಸಿಗುವುದು ಇದೇ. 3 ಮಿಲಿಯ ಕಾರ್ಟ್ರಿಡ್ಜ್ ಸಾವಿರ ರೂಪಾಯಿಯೊಳಗೆ ಬರುತ್ತದೆ. ಬಾಟಲಿಯಲ್ಲಿ ಆಮ್ಲೀಯವಾಗಿರುವ ಈ ದ್ರವ ಚರ್ಮದಡಿ ಹೋದ ಮೇಲೆ ಸಣ್ಣ ಸಣ್ಣ ಕಣಗಳಾಗಿ ಕೂತುಕೊಳ್ಳುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಶುಗರ್ ಧಡಕ್ಕನೆ ಬೀಳುವುದು ಕಡಿಮೆ, 12 ಗಂಟೆ ದೂಡುವುದು ಸುಲಭ. ಇದೇ ಕಾರಣಕ್ಕೆ ಇದಕ್ಕೆ ನೀರು ಬೆರೆಸಬಾರದು, ಬೇರೆ ಇನ್ಸುಲಿನ್ ಸೇರಿಸಬಾರದು, ಕುಲುಕಬಾರದು.

ಪ್ರಾಣಿಗಳಿಗೆಂದೇ ಮಾಡಿದ ಕ್ಯಾನಿನ್ಸುಲಿನ್ ಕೂಡ ಉಂಟು. ಹಂದಿಯ ಇನ್ಸುಲಿನ್, ಮಿಲಿಗೆ 40 ಯೂನಿಟ್. ಬೀದಿ ಬದಿಯ ಮೆಡಿಕಲ್‌ನಲ್ಲಿ ಸಿಗುವ ವಸ್ತುವಲ್ಲ, ಡಾಕ್ಟರ್ ಮೂಲಕ ತರಿಸಬೇಕು. ಪರೀಕ್ಷೆಯ ವಾರ ಬಾಟಲಿ ಮುಗಿದರೆ ಎಲ್ಲಿಗೆ ಓಡುತ್ತೀರಿ? ಹತ್ತು ಹೆಜ್ಜೆಯಲ್ಲಿ ಸಿಗುವ ಔಷಧವೇ ವಿದ್ಯಾರ್ಥಿಗೆ ಒಳ್ಳೆಯದು.

ಈಗ ನನ್ನ ವಾದಕ್ಕೆ ಬರುತ್ತೇನೆ. ಬೆಕ್ಕಿನ ಶುಗರ್ ಮನುಷ್ಯರ ಟೈಪ್ 2 ತರಹದ್ದು. ಮೊದಲ ಕೆಲವು ತಿಂಗಳಲ್ಲೇ ಚೆನ್ನಾಗಿ ಹಿಡಿತಕ್ಕೆ ತಂದರೆ ಮೇದೋಜೀರಕ ಗ್ರಂಥಿ ಚೇತರಿಸಿಕೊಂಡು, ಇನ್ಸುಲಿನ್ ಬೇಡವೇ ಬೇಡ ಅನ್ನುವ ಸ್ಥಿತಿಗೆ ಎಷ್ಟೋ ಬೆಕ್ಕುಗಳು ಬರುತ್ತವೆ. ತಡವಾದಷ್ಟೂ ಈ ಅವಕಾಶ ಕಮ್ಮಿ. ಗ್ಲಾರ್ಜಿನ್, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ, ಮನೆಯಲ್ಲೇ ಅಳತೆ, ಮೂರೂ ಸೇರಿದಾಗ ಅವಕಾಶ ಜಾಸ್ತಿ. ಅಂದರೆ ಒಂದು ಸೆಮಿಸ್ಟರ್ ಕೈಬಿಚ್ಚಿ ಖರ್ಚು ಮಾಡಿದರೆ ಮುಂದಿನ ಸೆಮಿಸ್ಟರ್‌ಗಳಲ್ಲಿ ಸಿರಿಂಜೇ ಬೇಡವಾಗಬಹುದು. ಇನ್ನೂರರ ಬಾಟಲಿ ಹಿಡಿದು ವರ್ಷಗಟ್ಟಲೆ ಎಳೆದಾಡುವುದು ನನ್ನ ಲೆಕ್ಕದಲ್ಲಿ ದುಬಾರಿ. ಎಲ್ಲ ಬೆಕ್ಕಿಗೂ ಹೀಗಾಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ, ಆದರೂ ಪ್ರಯತ್ನಿಸಲು ಇದೇ ಸಮಯ.

ಇನ್ಸುಲಿನ್ ಆಯ್ತು, ಇನ್ನು ಸಿರಿಂಜ್. ಇಲ್ಲಿ ಎಚ್ಚರ ತಪ್ಪಿದರೆ ಬೆಕ್ಕಿನ ಜೀವಕ್ಕೇ ಅಪಾಯ. ನಮ್ಮ ದೇಶದಲ್ಲಿ ಹಳೆಯ ತರಹದ ಬಾಟಲಿ ಇನ್ಸುಲಿನ್ ಮಿಲಿಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಗ್ಲಾರ್ಜಿನ್ ಮಿಲಿಗೆ 100 ಯೂನಿಟ್. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಂಗಡಿಯಲ್ಲಿ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದರೆ ಅಭ್ಯಾಸಬಲದಿಂದ ಕೆಂಪು ಮುಚ್ಚಳದ್ದನ್ನೇ ಕೊಡುವುದುಂಟು. ಆ ಸಿರಿಂಜಲ್ಲಿ ಗ್ಲಾರ್ಜಿನ್ ತುಂಬಿ 1 ಗೆರೆ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕು ಕಿಲೋದ ಜೀವಕ್ಕೆ ಅದು ಭಾರೀ ಆಯ್ತು. ಆದ್ದರಿಂದ ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆಸಿ ತೋರಿಸಿ: "100 ಯೂನಿಟ್, 0.3 ಮಿಲಿ ಸಿರಿಂಜ್". 1 ಮಿಲಿಯ ದೊಡ್ಡ ಸಿರಿಂಜಲ್ಲಿ ಸಾಮಾನ್ಯವಾಗಿ ಎರಡೆರಡು ಯೂನಿಟ್‌ಗೆ ಒಂದು ಗೆರೆ ಇರುತ್ತದೆ. ಬೆಕ್ಕಿಗೆ ಶುರುವಿನ ಡೋಸ್ ಒಂದು ಯೂನಿಟ್ಟೋ ಅದಕ್ಕಿಂತ ಕಮ್ಮಿಯೋ ಇರುವುದರಿಂದ ಅದರಲ್ಲಿ ಅಳೆಯುವುದು ಬರೀ ಅಂದಾಜು. ಟೂಜಿಯೋ ಅನ್ನುವ ಗ್ಲಾರ್ಜಿನ್ ಪೆನ್ ಕೂಡ ಉಂಟು, ಮಿಲಿಗೆ 300 ಯೂನಿಟ್. ಅದರಿಂದ ಸಿರಿಂಜಿಗೆ ಎಳೆಯುವ ಯೋಚನೆಯೇ ಬೇಡ.

ಪೆನ್ ಒಳ್ಳೆಯದಾ, ಸಿರಿಂಜಾ? ಪೆನ್ ನೋಡಲು ಚೆಂದ. ಆದರೆ ಮಾಮೂಲಿ ಪೆನ್ ಒಂದೊಂದೇ ಯೂನಿಟ್ ಏರುತ್ತದೆ, ಅರ್ಧ ಯೂನಿಟ್ ಸಾಧ್ಯವಿಲ್ಲ. ಪ್ರತಿ ಸಲ ಸೂಜಿ ಪರೀಕ್ಷಿಸಲು ಎರಡು ಯೂನಿಟ್ ಹೊರಗೆ ಚೆಲ್ಲಬೇಕು. ಬೆಕ್ಕಿನ ಡೋಸಿಗಿಂತ ಚೆಲ್ಲಿದ್ದೇ ಜಾಸ್ತಿ! ಚುಚ್ಚಿದ ಮೇಲೆ ಹತ್ತು ಸೆಕೆಂಡ್ ಹಿಡಿದಿರಬೇಕು, ಬೆಕ್ಕು ಅಷ್ಟು ಹೊತ್ತು ನಿಲ್ಲಬೇಕಲ್ಲ. ನನ್ನ ಮತ ಸಿರಿಂಜಿಗೆ. ಹೆಗಲ ಬಳಿ ಅಥವಾ ಪಕ್ಕೆಯ ಮೇಲೆ ಚರ್ಮ ಎತ್ತಿ ಹಿಡಿದು, ಡೇರೆಯ ಹಾಗೆ ಆದ ಜಾಗದ ಬುಡಕ್ಕೆ ಚುಚ್ಚಿದರೆ ಮುಗಿಯಿತು. ಊಟದ ತಟ್ಟೆ ಮುಂದಿದ್ದರೆ ಎಷ್ಟೋ ಬೆಕ್ಕುಗಳಿಗೆ ಗೊತ್ತೇ ಆಗುವುದಿಲ್ಲ. ಬಳಸಿದ ಸಿರಿಂಜನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಟ್ಟು ಕ್ಲಿನಿಕ್‌ಗೇ ವಾಪಸ್ ಕೊಡಿ. ಕಸದ ಚೀಲಕ್ಕೆ ಹಾಕಿದರೆ ಚುಚ್ಚಿಕೊಳ್ಳುವುದು ಕಸ ಒಯ್ಯುವವರ ಕೈಗೆ.

ಗ್ಲಾರ್ಜಿನ್ ತೆರೆದ ಮೇಲೆ 28 ದಿನ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಒಂದು ಕಾರ್ಟ್ರಿಡ್ಜಿನಲ್ಲಿ 300 ಯೂನಿಟ್, ಬೆಕ್ಕಿಗೆ ತಿಂಗಳಿಗೆ ಬೇಕಾದ್ದು ಸುಮಾರು 60. ಉಳಿದದ್ದನ್ನು ಚೆಲ್ಲಲು ಹೊಟ್ಟೆ ಉರಿಯುತ್ತದೆ, ಅಲ್ವಾ? ಸದಾ ಫ್ರಿಜ್‌ನಲ್ಲೇ ಇಟ್ಟು, ತಿಳಿಯಾಗಿ ಇರುವವರೆಗೆ ಇನ್ನೂ ಕೆಲವು ತಿಂಗಳು ಬಳಸಲು ಎಷ್ಟೋ ಪಶುವೈದ್ಯರು ಒಪ್ಪುತ್ತಾರೆ. ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ದ್ರವ ಮಸುಕಾದರೆ, ಎಳೆ ಎಳೆ ಕಂಡರೆ, ಶುಗರ್ ಕಾರಣವಿಲ್ಲದೆ ಏರಿದರೆ ಹೊಸದು ತನ್ನಿ. ಇಡುವ ಜಾಗ ಫ್ರಿಜ್‌ನ ನಡುವಿನ ತಟ್ಟೆ. ಫ್ರೀಜರ್ ಹತ್ತಿರ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಮಳೆಗಾಲದಲ್ಲಿ ಮರ ಬಿದ್ದು ಅರ್ಧ ದಿನ ಕರೆಂಟ್ ಹೋದರೆ ಗಾಬರಿಯಾಗಬೇಡಿ. ಫ್ರಿಜ್ ಬಾಗಿಲು ಪದೇ ಪದೇ ತೆಗೆಯದಿದ್ದರೆ ಸಾಕು.

ಮಾತ್ರೆಯಲ್ಲಿ ಆಗುವುದಿಲ್ಲವಾ?

ಸೂಜಿ ಅಂದರೆ ಹೆದರುವವರ ಪ್ರಶ್ನೆ ಇದು. ಗ್ಲಿಪಿಜೈಡ್ ಮಾತ್ರೆ ಕೆಲವೇ ಬೆಕ್ಕುಗಳಿಗೆ ಹಿಡಿಯುತ್ತದೆ, ಲಿವರಿಗೂ ವಾಂತಿಗೂ ಕಣ್ಣಿಡಬೇಕು. ಈಚಿನ ಸುದ್ದಿ ಎಂದರೆ ಮೂತ್ರದ ಮೂಲಕ ಗ್ಲೂಕೋಸನ್ನು ಹೊರಹಾಕಿಸುವ ಔಷಧಗಳು. ಅಮೆರಿಕದಲ್ಲಿ ಬೆಕ್ಕಿಗೆಂದೇ ಬೆಕ್ಸಾಕ್ಯಾಟ್ ಮಾತ್ರೆಗೆ 2022ರ ಡಿಸೆಂಬರ್‌ನಲ್ಲಿ, ಸೆನ್ವೆಲ್ಗೋ ದ್ರವಕ್ಕೆ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಒಂದೇ ಸಲ. ಸಮಯದ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಇವು ಮೊದಲು ಇನ್ಸುಲಿನ್ ತೆಗೆದುಕೊಳ್ಳದ, ಚೆನ್ನಾಗಿ ತಿನ್ನುತ್ತಿರುವ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕಿಗೆ ಮಾತ್ರ. ದೊಡ್ಡ ಅಪಾಯ ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ವಿಪರೀತ ಏರಿ ರಕ್ತ ಆಮ್ಲೀಯವಾಗುವುದು. ಅದೂ ಶುಗರ್ ನಾರ್ಮಲ್ ತೋರಿಸುತ್ತಿರುವಾಗಲೇ ಬರಬಹುದು, ಮೀಟರ್ ನಂಬಿ ಕೂತರೆ ಗೊತ್ತಾಗುವುದಿಲ್ಲ.

ಅಜ್ಜನ ಡಬ್ಬಿಯಲ್ಲಿರುವ ಡಾಪಾಗ್ಲಿಫ್ಲೋಜಿನ್ ಕೂಡ ಅದೇ ಜಾತಿಯದು ಅಂತ ಅಂತರ್ಜಾಲದಲ್ಲಿ ಓದಿ ಮಾತ್ರೆ ಮುರಿದು ಕೊಡಲು ಹೋಗಬೇಡಿ ಮಾರಾಯ್ರೆ. ಮೆಟ್‌ಫಾರ್ಮಿನ್ ಕೂಡ ಬೇಡ.

ಊಟ: ಪೌಚಾ, ಮೀನಾ, ಕೋಳಿಯಾ?

ಕರಾವಳಿಯ ಬೆಕ್ಕಿಗೆ ತಲೆತಲಾಂತರದ ಊಟ ಕುಚ್ಚಲಕ್ಕಿ ಅನ್ನಕ್ಕೆ ಮೀನು ಕಲಸಿದ್ದು. ಶುಗರ್ ಬಂದ ಬೆಕ್ಕಿಗೆ ಅದರಲ್ಲಿ ಮೊದಲು ಬಿಡಬೇಕಾದ್ದು ಅನ್ನ. ಎರಡನೆಯದು, ದಿನವಿಡೀ ಬಟ್ಟಲಲ್ಲಿ ಇರುವ ಡ್ರೈ ಫುಡ್. ಬೆಕ್ಕು ಮಾಂಸಾಹಾರಿ, ಕಾರ್ಬೋಹೈಡ್ರೇಟ್ ಅರಗಿಸಿಕೊಳ್ಳುವ ತಾಕತ್ತು ಅದಕ್ಕೆ ಕಮ್ಮಿ.

ಪ್ಯಾಕೆಟ್ ಮೇಲೆ ಕಾರ್ಬ್ ಎಷ್ಟು ಅಂತ ಬರೆದಿರುವುದಿಲ್ಲ, ನಾವೇ ಲೆಕ್ಕ ಹಾಕಬೇಕು. 100ರಿಂದ ಪ್ರೋಟೀನ್, ಕೊಬ್ಬು, ನಾರು, ಬೂದಿ (ಖನಿಜಾಂಶ), ತೇವಾಂಶ ಎಲ್ಲ ಕಳೆಯಿರಿ. ಉಳಿದದ್ದೇ ಕಾರ್ಬ್. ಬೂದಿ ಬರೆದಿರದಿದ್ದರೆ ಡ್ರೈ ಫುಡ್ಡಿಗೆ 8, ಪೌಚಿಗೆ (ಒದ್ದೆ ಆಹಾರದ ಪ್ಯಾಕೆಟ್) 2 ಅಂತ ಇಟ್ಟುಕೊಳ್ಳಿ. ಆಮೇಲೆ ಕ್ಯಾಲೊರಿ: ಪ್ರೋಟೀನಿಗೂ ಕಾರ್ಬಿಗೂ ಗ್ರಾಮಿಗೆ 3.5, ಕೊಬ್ಬಿಗೆ 8.5. ಒಂದು ಡ್ರೈ ಫುಡ್ಡಿನಲ್ಲಿ ಪ್ರೋಟೀನ್ 30, ಕೊಬ್ಬು 10, ನಾರು 4, ತೇವ 10 ಇದ್ದರೆ ಉಳಿಯುವ ಕಾರ್ಬ್ 38. ಒಟ್ಟು ಕ್ಯಾಲೊರಿಯಲ್ಲಿ ಅದರ ಪಾಲು ಶೇ. 41. ಪ್ರೋಟೀನ್ 9, ಕೊಬ್ಬು 3, ನಾರು 1, ತೇವ 82 ಇರುವ ಪೌಚಿನಲ್ಲಿ ಉಳಿಯುವುದು 3, ಅದರ ಪಾಲು ಸುಮಾರು ಶೇ. 16. ನಮಗೆ ಬೇಕಾದ್ದು ಶೇ. 12ರ ಆಸುಪಾಸು ಅಥವಾ ಕೆಳಗೆ. ಗ್ರೇವಿ ಗಟ್ಟಿ ಮಾಡಲು ಹಿಟ್ಟು ಹಾಕಿರುವುದು ಮಾಮೂಲಿ, ಹಾಗಾಗಿ ಜೆಲ್ಲಿಯದ್ದು ಅಥವಾ ಪೇಟ್ (ನುಣ್ಣಗೆ ಅರೆದ ಮಾಂಸ) ತರಹದ್ದು ಮೇಲು. ಶುಗರ್ ಬೆಕ್ಕಿಗೆಂದೇ ಮಾಡಿದ ಪ್ರಿಸ್ಕ್ರಿಪ್ಷನ್ ಫುಡ್ ಒಳ್ಳೆಯದೇ, ಆದರೆ ಅದರ ಡ್ರೈ ಚೀಲಕ್ಕಿಂತ ಮಾಮೂಲಿ ಪೌಚಿನಲ್ಲೇ ಕಾರ್ಬ್ ಕಮ್ಮಿ ಇರಬಹುದು. ಲೆಕ್ಕ ಹಾಕಿ ನೋಡಿಯೇ ದುಡ್ಡು ಕೊಡಿ.

ಬರೀ ಮೀನು ಹಾಕಿದರೆ ಆಗದಾ? ಮಂಗಳೂರಿನ ದಕ್ಕೆಯಲ್ಲೋ ಮಲ್ಪೆಯಲ್ಲೋ ಬೂತಾಯಿ ರಾಶಿ ಬಿದ್ದಿರುವಾಗ ಇದಕ್ಕಿಂತ ಅಗ್ಗದ್ದು ಇಲ್ಲ, ಕಾರ್ಬೂ ಸೊನ್ನೆ. ಆದರೆ ಎರಡು ತೊಂದರೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ವಿಟಮಿನ್ ನಾಶ ಮಾಡುವ ಕಿಣ್ವ ಇರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನನ್ನೇ ದಿನಾ ತಿಂದರೆ ವಿಟಮಿನ್ ಇ ಸಾಲದೆ ಮೈಕೊಬ್ಬಿನಲ್ಲೇ ಉರಿಯೂತ ಬರುತ್ತದೆ, ಬೆಕ್ಕು ಮುಟ್ಟಿಸಿಕೊಳ್ಳುವುದಿಲ್ಲ. ಮತ್ತೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. 61 ದಿನ ಮೀನಿನ ರೇಟು ನೋಡಿ ಮನುಷ್ಯರೇ ಸೊಪ್ಪಿಗೆ ಇಳಿಯುತ್ತಾರೆ. ಊಟ ಹಠಾತ್ತಾಗಿ ಬದಲಾದರೆ ಇನ್ಸುಲಿನ್ ಲೆಕ್ಕವೂ ಏರುಪೇರು.

ಬೇಯಿಸಿದ ಕೋಳಿಯ ಹಣೆಬರಹವೂ ಇದೇ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ಬೇಯಿಸಿದ ನೀರು ಚೆಲ್ಲಿದರೆ ಟಾರಿನ್ (ಬೆಕ್ಕಿಗೆ ಬೇಕೇ ಬೇಕಾದ ಪೋಷಕಾಂಶ) ಕೂಡ ಬಹುಪಾಲು ಹೋಯಿತು. ನಾನು ಹೇಳುವುದು ಮಿಶ್ರಣ: ಅರ್ಧಕ್ಕಿಂತ ಜಾಸ್ತಿ ಪೌಚ್, ಉಳಿದದ್ದು ಉಪ್ಪು, ಅರಿಶಿನ, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ವಾರಕ್ಕೊಂದೆರಡು ಸಲ ಮೀನು. ಸಂಪೂರ್ಣ ಮನೆಯೂಟವೇ ಬೇಕಾದರೆ ಕ್ಯಾಲ್ಸಿಯಂ, ಟಾರಿನ್ ಪುಡಿ ಎಷ್ಟು ಸೇರಿಸಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಒಂದು ಮಾತು ಕೆಂಪು ಶಾಯಿಯಲ್ಲಿ ಬರೆದಿಡಿ. ಇನ್ಸುಲಿನ್ ನಡೆಯುತ್ತಿರುವಾಗ ಊಟದ ಕಾರ್ಬ್ ಏಕ್‌ದಮ್ ಇಳಿಸಿದರೆ ಹಳೇ ಡೋಸೇ ಜಾಸ್ತಿಯಾಗಿ ಶುಗರ್ ಕುಸಿಯುತ್ತದೆ. ಊಟ ಬದಲಿಸುವ ವಾರ ಡಾಕ್ಟರಿಗೆ ಹೇಳಿಯೇ ಬದಲಿಸಿ, ಆ ವಾರ ಅಳತೆಯನ್ನೂ ಜಾಸ್ತಿ ಮಾಡಿ.

ಅಳತೆ: ಮೀಟರ್, ಸೆನ್ಸರ್, ಕ್ಲಿನಿಕ್

ಶುಗರ್ ಏರಿಳಿತ ತಿಳಿಯಲು ಕ್ಲಿನಿಕ್‌ನಲ್ಲಿ ಇಡೀ ದಿನ ಇರಿಸಿಕೊಂಡು ಎರಡು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ದುಡ್ಡೂ ಹೋಗುತ್ತದೆ, ಹೆದರಿದ ಬೆಕ್ಕಿನ ಸಂಖ್ಯೆಯೂ ಸುಳ್ಳು. ಅದನ್ನೇ ಭಾನುವಾರ ಮನೆಯಲ್ಲಿ ಮಾಡಿದರೆ ಏಳು ಪಟ್ಟಿ ಸಾಕು. ಪಕ್ಕದಲ್ಲೇ ಕೂತು ಅಸೈನ್‌ಮೆಂಟ್ ಬರೆಯಬಹುದು.

ಮೀಟರಿನಲ್ಲಿ, ಪ್ರಾಣಿಗಳಿಗೆಂದೇ ಹೊಂದಿಸಿದ ಆಲ್ಫಾಟ್ರಾಕ್ ಹೆಚ್ಚು ನಿಖರ, ಆದರೆ ಪಟ್ಟಿ ದುಬಾರಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಮ್ಮಿ ತೋರಿಸುತ್ತದೆ. ಗೊತ್ತಿದ್ದರೆ ತೊಂದರೆಯಿಲ್ಲ. ಮೀಟರಿನ ಬೆಲೆ ನೋಡಬೇಡಿ, ಪಟ್ಟಿಯ ಬೆಲೆ ನೋಡಿ. ಪಟ್ಟಿ ಒಂದಕ್ಕೆ 10ರಿಂದ 25 ರೂಪಾಯಿವರೆಗೆ ವ್ಯತ್ಯಾಸ ಉಂಟು. ಅಗ್ಗದ ಪಟ್ಟಿಯ, ಸಣ್ಣ ಹನಿ ರಕ್ತ ಸಾಕಾಗುವ ಮೀಟರ್ ಆರಿಸಿ. ಆಮೇಲೆ ಅದನ್ನು ಬದಲಿಸಬೇಡಿ.

ರಕ್ತ ತೆಗೆಯುವುದು ಕಿವಿಯಿಂದ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಅಥವಾ ಬೆಚ್ಚಗಿನ ಅಕ್ಕಿ ತುಂಬಿದ ಕಾಲುಚೀಲವನ್ನು ಕಿವಿಗೆ ಒತ್ತಿ ಹಿಡಿಯಿರಿ. ಕಿವಿ ತಣ್ಣಗಿದ್ದರೆ ಎಷ್ಟು ಚುಚ್ಚಿದರೂ ರಕ್ತ ಬರುವುದಿಲ್ಲ. ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟರೆ ಅಂಚಿನುದ್ದಕ್ಕೂ ಓಡುವ ರಕ್ತನಾಳ ತೆಳ್ಳಗೆ ಕಾಣುತ್ತದೆ. ನಾಳಕ್ಕೂ ಅಂಚಿಗೂ ನಡುವಿನ ಜಾಗಕ್ಕೆ ಒಂದು ಎಳೆ ವ್ಯಾಸಲಿನ್ ಸವರಿ. ಇಲ್ಲದಿದ್ದರೆ ರಕ್ತ ರೋಮದೊಳಗೆ ಹರಡಿಹೋಗುತ್ತದೆ, ಸವರಿದರೆ ಮಣಿಯಂತೆ ನಿಲ್ಲುತ್ತದೆ. ಹಿಂದೆ ಮಡಿಚಿದ ಹತ್ತಿ ಇಟ್ಟು ಚುಚ್ಚಿ. ಇಲ್ಲದಿದ್ದರೆ ಸೂಜಿ ನಿಮ್ಮ ಬೆರಳಿಗೇ ಬರುತ್ತದೆ. ಹನಿ ಬಂದೊಡನೆ ಪಟ್ಟಿ ತಾಗಿಸಿ, ಹತ್ತಿ ಒತ್ತಿ, ಒಂದು ಚೂರು ಕೋಳಿ ಬಾಯಿಗೆ ಕೊಡಿ. ಕೆಲವು ದಿನಗಳಲ್ಲಿ ಕೋಳಿ ಆಸೆಗೆ ಬೆಕ್ಕೇ ಬಂದು ಕೂರುತ್ತದೆ.

ಲಿಬ್ರೆ ಸೆನ್ಸರ್ ಇನ್ನೊಂದು ದಾರಿ. ರೋಮ ಬೋಳಿಸಿ ಬೆನ್ನಿನ ಮೇಲೋ ಪಕ್ಕೆಯಲ್ಲೋ ಅಂಟಿಸುತ್ತಾರೆ, ಫೋನ್ ತಾಗಿಸಿದರೆ ಸಂಖ್ಯೆ ಬರುತ್ತದೆ. ಮನುಷ್ಯರಲ್ಲಿ 14 ದಿನ. ಬೆಕ್ಕಿನಲ್ಲಿ ಎಷ್ಟೋ ಸಲ ಅದಕ್ಕೆ ಮುಂಚೆಯೇ ಕಿತ್ತು ಬರುತ್ತದೆ. ನಮ್ಮ ಸೆಕೆ, ಬೆವರಿನ ಹವೆಯಲ್ಲಿ ಅಂಟು ನಿಲ್ಲುವುದೂ ಕಷ್ಟ. ಬೆಲೆ ಐದು ಸಾವಿರದ ಆಸುಪಾಸು. ತಿಂಗಳು ತಿಂಗಳು ಹಾಕಿಸಲು ವಿದ್ಯಾರ್ಥಿಗೆ ಆಗದ ಮಾತು. ಆದರೆ ಇನ್ಸುಲಿನ್ ಶುರು ಮಾಡಿದ ಮೊದಲ ವಾರಗಳಲ್ಲಿ, ಅದೂ ಕ್ಲಾಸ್ ತಪ್ಪಿಸಲಾಗದವರು, ಒಂದು ಸಲ ಹಾಕಿಸಿದರೆ ಹಣಕ್ಕೆ ಮೋಸವಿಲ್ಲ. ರಾತ್ರಿ ಏನಾಗುತ್ತದೆ, ನೀವಿಲ್ಲದ ಮಧ್ಯಾಹ್ನ ಏನಾಗುತ್ತದೆ, ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತದೆ. ಎಂಟು ಗಂಟೆಯೊಳಗೆ ಒಮ್ಮೆ ಸ್ಕ್ಯಾನ್ ಮಾಡುತ್ತಿರಬೇಕು, ಇಲ್ಲದಿದ್ದರೆ ಹಳೆಯದು ಅಳಿಸಿಹೋಗುತ್ತದೆ. 9ಕ್ಕೆ ಹೋಗಿ 5ಕ್ಕೆ ಬರುವವರಿಗೆ ಸರಿಯಾಗಿ ಹೊಂದುತ್ತದೆ.

ಖರ್ಚೇ ಇಲ್ಲದ ಅಳತೆಗಳೂ ಉಂಟು. ಕುಡಿದ ನೀರನ್ನು ಗೆರೆ ಹಾಕಿದ ಬಾಟಲಿಯಿಂದ ಅಳೆಯಿರಿ. ಬುಟ್ಟಿಯನ್ನು ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ವಾರಕ್ಕೊಮ್ಮೆ ತೂಕ ಬರೆದಿಡಿ. ನೀರು ಕಮ್ಮಿಯಾಗಿ ತೂಕ ನಿಂತರೆ ದಾರಿ ಸರಿ ಇದೆ ಅಂತ ಅರ್ಥ.

ಇನ್ನು ಸಂಖ್ಯೆಗಳು. ಹೊಸಬರು ಇಂಜೆಕ್ಷನ್‌ಗೆ ಮುಂಚೆ ನೋಡಿದಾಗ 200ಕ್ಕಿಂತ ಕೆಳಗೆ ಬಂದರೆ ಚುಚ್ಚದೆ ಮೊದಲು ಡಾಕ್ಟರಿಗೆ ಫೋನ್ ಮಾಡಿ. 60ರ ಕೆಳಗೆ ಬಂದರೆ, ಅಥವಾ ಬೆಕ್ಕು ತೂರಾಡಿದರೆ, ಮಂಕಾದರೆ, ನಡುಗಿದರೆ, ಒಸಡಿಗೆ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿ ಕಲಸಿದ ನೀರನ್ನೋ ಬೆರಳಲ್ಲಿ ಸವರಿ, ತಕ್ಷಣ ಹೊರಡಿ. ಫಿಟ್ಸ್ ಬಂದಿದ್ದರೆ ಬಾಯಿಗೆ ಸುರಿಯಬೇಡಿ, ಕಚ್ಚಿಸಿಕೊಳ್ಳಬೇಡಿ. ಹಾಗೇ ಊಟ ಬಿಟ್ಟು, ವಾಂತಿ ಮಾಡಿ, ಮುದುಡಿ ಕೂತಿದ್ದರೆ ಮೂತ್ರದ ಕೀಟೋನ್ ಪಟ್ಟಿಯಲ್ಲಿ ನೋಡಿ. ಬಣ್ಣ ಏರಿದ್ದರೆ ಡ್ರಿಪ್ ಬೇಕು, ಅದೂ ಅದೇ ದಿನ. ಅಂಥ ಒಂದು ಅಡ್ಮಿಷನ್ನಿನ ಬಿಲ್ಲಿನಲ್ಲಿ ತಿಂಗಳುಗಟ್ಟಲೆ ಪಟ್ಟಿ ಬರುತ್ತದೆ.

ಯಾವ ಡಾಕ್ಟರ್?

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಫೀಸು ನೆಪಮಾತ್ರ. ಲಸಿಕೆ, ಗಾಯ, ಸಾಮಾನ್ಯ ತಪಾಸಣೆಗೆ ಧಾರಾಳ ಸಾಕು. ಶುಗರ್‌ಗೆ ಮಾತ್ರ ವಾಟ್ಸಾಪ್‌ನಲ್ಲಿ ಸಂಖ್ಯೆ ಕಳಿಸಿದರೆ ಉತ್ತರಿಸುವ ಒಬ್ಬ ಖಾಸಗಿ ಡಾಕ್ಟರ್ ಬೇಕು. ಫೀಸು ನೂರಿನ್ನೂರು ಜಾಸ್ತಿಯಾದರೂ ಪರವಾಗಿಲ್ಲ, ಪ್ರತಿ ಡೋಸ್ ಬದಲಾವಣೆಗೂ ಬೆಕ್ಕು ಹೊತ್ತು ಹೋಗುವುದು ತಪ್ಪುತ್ತದೆ. ಮೊದಲ ಭೇಟಿಯಲ್ಲೇ ಕೇಳಿ: ಬೆಕ್ಕಿಗೆ ಗ್ಲಾರ್ಜಿನ್ ಕೊಟ್ಟು ಅಭ್ಯಾಸ ಉಂಟಾ, ಮನೆಯ ಅಳತೆ ಒಪ್ಪುತ್ತೀರಾ, ರಾತ್ರಿ ತುರ್ತಾದರೆ ಎಲ್ಲಿಗೆ ಹೋಗಬೇಕು?

ಶುಗರ್ ಯಾವುದಕ್ಕೂ ಬಗ್ಗದಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ನಮ್ಮ ಮಂಗಳೂರಿನ ಎಕ್ಕೂರಿನಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಕಾಲೇಜೇನೋ ಉಂಟು, ಆದರೆ ಅದು ಮೀನುಗಾರಿಕೆ ಕಾಲೇಜು. ಬೆಕ್ಕಿಗೆ ಪ್ರಿಯವಾದದ್ದನ್ನು ಕಲಿಸುತ್ತಾರೆ, ಬೆಕ್ಕನ್ನು ನೋಡುವುದಿಲ್ಲ. ಉಡುಪಿಯವರಿಗೆ ಶಿವಮೊಗ್ಗ, ಮಂಗಳೂರಿನವರಿಗೆ ಹಾಸನ ಅನುಕೂಲ. ಎರಡಕ್ಕೂ ಘಾಟಿ ಹತ್ತಬೇಕು, ಹಾಗಾಗಿ ಮೊದಲು ಫೋನಿನಲ್ಲಿ ಮಾತಾಡಿ.

ಕ್ಲಾಸ್, ಪರೀಕ್ಷೆ, ಊರು

ಬೆಳಿಗ್ಗೆ 7, ಸಂಜೆ 7 ಹೆಚ್ಚಿನವರಿಗೆ ಹೊಂದುತ್ತದೆ. ಸಂಜೆ ಲ್ಯಾಬ್ ತಡವಾಗುವವರು 8-8 ಮಾಡಿಕೊಳ್ಳಿ. ಅಪರೂಪಕ್ಕೆ ಒಂದು ಗಂಟೆ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ. ಪೂರ್ತಿ ಮರೆತುಹೋದರೆ ಆ ಡೋಸ್ ಬಿಟ್ಟು ಮುಂದಿನ ಹೊತ್ತಿಗೆ ಮಾಮೂಲಿ ಕೊಡಿ, ಎರಡು ಸೇರಿಸಿ ಕೊಡಲೇಬಾರದು. ಚುಚ್ಚಿದ್ದು ಒಳಗೆ ಹೋಯಿತಾ ರೋಮದ ಮೇಲೆ ಚೆಲ್ಲಿತಾ ಅಂತ ಅನುಮಾನ ಬಂದರೂ ಇದೇ ನಿಯಮ.

ರೂಮ್‌ಮೇಟ್‌ಗಳಿದ್ದರೆ ಒಬ್ಬರಿಗಾದರೂ ಕಲಿಸಿ. ಇಬ್ಬರು ಚುಚ್ಚುವ ಮನೆಯಲ್ಲಿ ಇರುವ ಅಪಾಯ ಎಂದರೆ ಇಬ್ಬರೂ ಚುಚ್ಚಿಬಿಡುವುದು. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ: ತಾರೀಕು, ಸಂಖ್ಯೆ, ತಿಂದಿತಾ, ಡೋಸ್, ಯಾರು. ಬರೆಯದೆ ಸಿರಿಂಜ್ ಮುಟ್ಟುವಂತಿಲ್ಲ. ಪಿಜಿಯಲ್ಲಿ ಕದ್ದುಮುಚ್ಚಿ ಬೆಕ್ಕು ಸಾಕಿದವರು ಇದನ್ನು ನಿಭಾಯಿಸಲಾರರು. ಫ್ರಿಜ್ ಇಲ್ಲ, ರಾತ್ರಿ ಹೊರಗೆ ಹೋಗಲು ಬಿಡುವುದಿಲ್ಲ.

ತಿಂಗಳ ಖರ್ಚು ಹೀಗೆ ಬರುತ್ತದೆ. ಸಿರಿಂಜ್ 60, ತಲಾ ಹತ್ತು ರೂಪಾಯಿ ಹಿಡಿದರೆ 600. ದಿನಕ್ಕೆ ಮೂರು ಪಟ್ಟಿ, ಅಗ್ಗದ್ದಾದರೆ ಸಾವಿರ. ಗ್ಲಾರ್ಜಿನ್ ತಿಂಗಳಿಗೊಂದು ತಂದರೆ ಇನ್ನೊಂದು ಸಾವಿರದೊಳಗೆ, ಹೆಚ್ಚು ದಿನ ಬಳಸಲು ಡಾಕ್ಟರ್ ಒಪ್ಪಿದರೆ ಅದರ ಕಾಲು ಭಾಗ. ಊಟ ಬಿಟ್ಟು ಎರಡರಿಂದ ಎರಡೂವರೆ ಸಾವಿರ. ಹಿಡಿತಕ್ಕೆ ಬಂದ ಮೇಲೆ ಪಟ್ಟಿ ಕಮ್ಮಿಯಾಗುತ್ತದೆ. ಇಷ್ಟೂ ಆಗದಿದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ದಿನಕ್ಕೆ ಒಂದೇ ಪಟ್ಟಿ, ನೀರು ಮತ್ತು ತೂಕದ ಲೆಕ್ಕ, ಸ್ವಲ್ಪ ತಗ್ಗಿಸಿದ ಡೋಸ್ ಇಟ್ಟುಕೊಂಡು ನಡೆಸುವ ದಾರಿಯೂ ಉಂಟು. ಶುಗರ್ ಪೂರ್ತಿ ಬಿಟ್ಟುಹೋಗುವ ಆಸೆ ಅದರಲ್ಲಿ ಕಮ್ಮಿ, ಆದರೆ ಬೆಕ್ಕು ನೆಮ್ಮದಿಯಾಗಿ ಇರಬಲ್ಲದು.

ಕೊನೆಯ ಆಯ್ಕೆ, ಬೆಕ್ಕನ್ನು ಪುತ್ತೂರಿನಲ್ಲೋ ಕುಂದಾಪುರದಲ್ಲೋ ಇರುವ ಮನೆಗೆ ಕಳಿಸುವುದು. ಇದನ್ನು ಸೋಲು ಅಂತ ನೋಡಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜನಿಗೋ ಅಜ್ಜಿಗೋ ಇನ್ಸುಲಿನ್ ಚುಚ್ಚಿ ಪಳಗಿದ ಕೈ ಆಗಲೇ ಉಂಟು, ಮೀಟರ್ ಉಂಟು, ಹೊತ್ತಿಗೆ ಸರಿಯಾಗಿ ಮನೆಯಲ್ಲಿರುವ ಜನ ಉಂಟು. ಫೈನಲ್ ಇಯರ್, ಇಂಟರ್ನ್‌ಶಿಪ್, ನೈಟ್ ಡ್ಯೂಟಿ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ಸುಲಿನನ್ನು ತಣ್ಣೀರು ಹಾಕಿ ಚೆಲ್ಲಿ ಒರೆಸಿದ ಫ್ಲಾಸ್ಕಿನಲ್ಲಿ ಒಯ್ಯಿರಿ, ಮಂಜುಗಡ್ಡೆಗೆ ನೇರ ತಾಗದಿರಲಿ. ಅಜ್ಜನ ಲ್ಯಾನ್ಸೆಟ್, ಪೆನ್ ಬೆಕ್ಕಿಗೆ ಬಳಸುವುದು ಬೇಡ. ಅಜ್ಜನ ಮಿಕ್ಸ್‌ಟಾರ್ಡ್ ಇನ್ಸುಲಿನ್ ಬಾಟಲಿಯ ಪಕ್ಕದಲ್ಲಿ ಬೆಕ್ಕಿನದನ್ನು ಇಡಲೇಬೇಡಿ. ಬೇರೆ ಡಬ್ಬಿ ಮಾಡಿ, ಕಿತ್ತಳೆ ಮುಚ್ಚಳದ ಸಿರಿಂಜನ್ನೂ ಅದರೊಳಗೇ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಬೆಕ್ಕಿನ ಹೆಸರು ಬರೆದು, ಎರಡು ದಿನ ಜೊತೆಯಲ್ಲಿದ್ದು ಅಮ್ಮನ ಕೈಯಲ್ಲೇ ಚುಚ್ಚಿಸಿ ನೋಡಿ ಆಮೇಲೆ ಬಸ್ಸು ಹತ್ತಿ.